25ನೇ ಓವರ್ ಯಾರು ಹಾಕ್ತಾರೆ? ಸಾರ್ವಕಾಲಿಕ ಏಕದಿನ ತಂಡ ಆರಿಸುವ ಬಗೆ

ಮದುವೆ ಮನೆಯಲ್ಲಿ ಊಟ ಮುಗಿದಿತ್ತು. ಲಗ್ನಪತ್ರಿಕೆಯ ಹಿಂಬದಿಯಲ್ಲಿ ಹನ್ನೊಂದು ಹೆಸರು ಬರೆದು ಚಿಕ್ಕಪ್ಪನ ಕೈಗೆ ಕೊಟ್ಟೆ. ಸಚಿನ್, ಸೆಹ್ವಾಗ್, ಸಯೀದ್ ಅನ್ವರ್, ಲಾರಾ, ಪಾಂಟಿಂಗ್, ಕೊಹ್ಲಿ, ಗಿಲ್‌ಕ್ರಿಸ್ಟ್. ಕೆಳಗೆ ವಾಸಿಂ ಅಕ್ರಂ, ವಕಾರ್, ಡೊನಾಲ್ಡ್, ಮೆಕ್‌ಗ್ರಾ. ಚಿಕ್ಕಪ್ಪ ಎಲೆಗೆ ಸುಣ್ಣ ಸವರುತ್ತಾ ಮೇಲಿಂದ ಕೆಳಗೆ ಒಮ್ಮೆ ಓದಿದರು. "ಎಲ್ಲರೂ ದೊಡ್ಡವರೇ ಕಣೋ. ಅದ್ಸರಿ, 25ನೇ ಓವರ್ ಯಾರು ಹಾಕ್ತಾರೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವೇಗಿಗಳಿಂದ ತಲಾ ಹತ್ತರಂತೆ 40 ಓವರ್ ಆಗುತ್ತದೆ. ಉಳಿದ ಹತ್ತು? ಚೆಂಡು ಹಳೆಯದಾಗಿ, ಇಬ್ಬರು ಬ್ಯಾಟರ್‌ಗಳು ಕ್ರೀಸಿಗೆ ಅಂಟಿಕೊಂಡು ಒಂದೊಂದೇ ರನ್ ಕದಿಯುತ್ತಿರುವಾಗ ಜೊತೆಯಾಟ ಮುರಿಯುವ ಸ್ಪಿನ್ನರ್ ಎಲ್ಲಿ? ಬರೆದ ಏಳು ಬ್ಯಾಟರ್‌ಗಳಲ್ಲಿ ನಾಲ್ವರು ಆರಂಭಿಕರು. ಅವತ್ತಿನಿಂದ ನಾನು ತಂಡ ಆರಿಸುವ ರೀತಿಯೇ ಬದಲಾಯಿತು. ನೀವೂ ಒಂದು ಸಾರ್ವಕಾಲಿಕ ಏಕದಿನ ತಂಡ ಕಟ್ಟಬೇಕು ಅಂತಿದ್ದರೆ, ನಾನು ಹೋಗುವ ದಾರಿ ಇದು. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ರಬ್ಬರ್ ಹತ್ತಿರ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಯಾವ ಏಕದಿನ?

ಇದನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ವಾದ ಮುಗಿಯುವುದಿಲ್ಲ. ಏಕದಿನ ಕ್ರಿಕೆಟ್ ಅನ್ನೋದು ಒಂದೇ ಆಟ ಅಲ್ಲ. 1971ರ ಜನವರಿ 5ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಮೊದಲ ಪಂದ್ಯ ಆಡಿದಾಗ ಒಂದು ತಂಡಕ್ಕೆ 40 ಓವರ್, ಒಂದು ಓವರಿಗೆ ಎಂಟು ಎಸೆತ. ಮೊದಲ ಮೂರು ವಿಶ್ವಕಪ್‌ಗಳು 60 ಓವರಿನವು. ಒಬ್ಬ ಬೌಲರ್ 12 ಓವರ್ ಹಾಕಬಹುದಿತ್ತು. 1987ರ ವಿಶ್ವಕಪ್‌ನಿಂದ 50 ಓವರ್ ಆಯಿತು. 1992ರಲ್ಲಿ ವಿಶ್ವಕಪ್‌ಗೆ ಬಣ್ಣದ ಬಟ್ಟೆ, ಬಿಳಿ ಚೆಂಡು ಬಂದವು. 1996ರಲ್ಲಿ ಮೊದಲ 15 ಓವರ್ ಪಿಚ್ ಸುತ್ತಲಿನ 30 ಗಜದ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳು ಇರುತ್ತಿದ್ದರು. ಆ ಹದಿನೈದು ಓವರನ್ನು ಲೂಟಿ ಮಾಡಿಯೇ ಶ್ರೀಲಂಕಾ ಕಪ್ ಎತ್ತಿತು.

ದೊಡ್ಡ ಬದಲಾವಣೆ ಬಂದಿದ್ದು 2011ರ ಅಕ್ಟೋಬರ್‌ನಲ್ಲಿ. ಎರಡು ತುದಿಗೂ ಒಂದೊಂದು ಹೊಸ ಚೆಂಡು. ಅಂದರೆ ಒಂದು ಚೆಂಡಿನ ಆಯಸ್ಸು 25 ಓವರ್ ಮಾತ್ರ. ಚೆಂಡು ಸವೆಯಲೇ ಇಲ್ಲ ಅಂದರೆ ಹಳೆ ಚೆಂಡು ಗಾಳಿಯಲ್ಲಿ ಉಲ್ಟಾ ತಿರುಗುವ ರಿವರ್ಸ್ ಸ್ವಿಂಗ್ ಎಲ್ಲಿಂದ ಬರಬೇಕು? 2025ರ ಜುಲೈನಿಂದ ಇದು ಮತ್ತೆ ತಿರುಗಿದೆ. 34ನೇ ಓವರ್‌ವರೆಗೆ ಎರಡು ಚೆಂಡು. ಆಮೇಲೆ ಫೀಲ್ಡಿಂಗ್ ತಂಡ ಅದರಲ್ಲಿ ಒಂದನ್ನು ಆರಿಸಿಕೊಂಡು ಕೊನೆಯವರೆಗೆ ಬಳಸಬೇಕು.

ಹಾಳೆಯ ಮೇಲ್ಭಾಗದಲ್ಲಿ ನಿಮ್ಮ ನಿಯಮ ಬರೆದುಬಿಡಿ. ನಾನು ಬರೆಯುವುದು ಹೀಗೆ: 50 ಓವರ್, ಈಗಿನ ಚೆಂಡಿನ ನಿಯಮ, ಮೊದಲ 10 ಓವರ್ ಇಬ್ಬರು ಹೊರಗೆ, ಮುಂದಿನ 30ಕ್ಕೆ ನಾಲ್ವರು, ಕೊನೆಯ 10ಕ್ಕೆ ಐವರು. ಪಂದ್ಯ ಎಲ್ಲಿ ಅಂತ ಮೊದಲೇ ಗೊತ್ತಿರುವುದಿಲ್ಲ. ಲಾರ್ಡ್ಸ್‌ನ ಮೋಡದ ಬೆಳಿಗ್ಗೆಯೂ ಆಗಬಹುದು, ಕೊಲಂಬೊದ ಚೆಂಡು ತಿರುಗುವ ಪಿಚ್ಚೂ ಆಗಬಹುದು, ನಮ್ಮ ಚಿನ್ನಸ್ವಾಮಿಯ ಚಿಕ್ಕ ಬೌಂಡರಿಯೂ ಆಗಬಹುದು. ಈ ಒಂದು ಸಾಲು ಬರೆದರೆ ಸಾಕು, ಒಂದೇ ತರಹದ ಪಿಚ್‌ನಲ್ಲಿ ಮಿಂಚಿದವರ ಹೆಸರು ತಾನಾಗಿ ಹಿಂದೆ ಸರಿಯುತ್ತದೆ.

ಎರಡನೇ ಹೆಜ್ಜೆ: ಹೆಸರಿಗಿಂತ ಮುಂಚೆ ಕೆಲಸ

ಹಾಳೆಯ ಎಡಭಾಗದಲ್ಲಿ 1ರಿಂದ 11ರವರೆಗೆ ಅಂಕಿ ಹಾಕಿ. ಪಕ್ಕದಲ್ಲಿ ಹೆಸರು ಬೇಡ, ಕೆಲಸ ಬರೆಯಿರಿ. ಹೊಸ ಚೆಂಡು ಎದುರಿಸುವ ಇಬ್ಬರು, ಸಾಧ್ಯವಾದರೆ ಒಬ್ಬರು ಎಡಗೈ. ಮೂರನೇ ಕ್ರಮಾಂಕದಲ್ಲಿ ಬೇಗ ವಿಕೆಟ್ ಬಿದ್ದರೂ 40ನೇ ಓವರ್‌ವರೆಗೆ ನಿಲ್ಲುವವರು. ನಾಲ್ಕು, ಐದರಲ್ಲಿ ಸ್ಪಿನ್ನರ್‌ಗಳನ್ನು ಮಧ್ಯದ ಓವರ್‌ಗಳಲ್ಲಿ ಕೂರಲು ಬಿಡದವರು. ಆರರಲ್ಲಿ ಪಂದ್ಯ ಮುಗಿಸಿ ಬರುವವರು. ಏಳರಲ್ಲಿ ನಿಜವಾದ ಆಲ್‌ರೌಂಡರ್. ಆಮೇಲೆ ನಾಲ್ಕು ಬೌಲರ್‌ಗಳು. ಅವರಲ್ಲಿ ಹೊಸ ಚೆಂಡಿಗೆ ಇಬ್ಬರು, ಕೊನೆಯ ಹತ್ತಕ್ಕೆ ಇಬ್ಬರು, ನಡುವೆ ವಿಕೆಟ್ ಕೀಳುವ ಸ್ಪಿನ್ನರ್ ಒಬ್ಬರು. ಇವರ ಮಧ್ಯೆ ಎಲ್ಲೋ ಒಬ್ಬ ಕೀಪರ್, ಒಬ್ಬ ನಾಯಕ, ಆರನೇ ಬೌಲರ್.

ಲೆಕ್ಕ ಹಾಕಿ ನೋಡಿ, ಕೆಲಸಗಳು ಹನ್ನೊಂದಕ್ಕಿಂತ ಜಾಸ್ತಿ ಆಗುತ್ತವೆ. ಆಟಗಾರರು ಮಾತ್ರ ಹನ್ನೊಂದೇ. ಹಾಗಾಗಿ ಒಬ್ಬರೇ ಎರಡು ಕೆಲಸ ಹೊರುವವರಿಗೆ ಇಲ್ಲಿ ಬೆಲೆ ಹೆಚ್ಚು. ಮುಂದೆ ದೊಡ್ಡ ಹೆಸರುಗಳ ನಡುವೆ ಆರಿಸಬೇಕಾಗಿ ಬಂದಾಗ ಇದೇ ಮಾತು ದಾರಿ ತೋರಿಸುತ್ತದೆ.

ಮೂರನೇ ಹೆಜ್ಜೆ: ಒಂದು ಗೆರೆ ಎಳೆಯಿರಿ

ಎರಡು ವರ್ಷ ಮಿಂಚಿ ಮರೆಯಾದವರನ್ನೂ ಇಪ್ಪತ್ತು ವರ್ಷ ದುಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಾಗಾಗಿ ಕನಿಷ್ಠ ಅರ್ಹತೆ ಬೇಕು. ನಾನು ಮೊದಲು 100 ಪಂದ್ಯ ಅಂತ ಇಟ್ಟಿದ್ದೆ. ಆಗ ವೆಸ್ಟ್ ಇಂಡೀಸ್ ವೇಗಿ ಜೋಯೆಲ್ ಗಾರ್ನರ್ ಹೊರಗೆ ಉಳಿದರು, ಯಾಕೆಂದರೆ ಅವರು ಆಡಿದ್ದು 98. ವಿಕೆಟ್ 146, ಸರಾಸರಿ 18.84, ಓವರಿಗೆ ಕೊಟ್ಟಿದ್ದು 3.09 ರನ್. ಇಂಥ ಬೌಲರನ್ನು ಹೊರಗಿಡುವ ಗೆರೆಯಲ್ಲೇ ತಪ್ಪಿದೆ. ಅವರ ಕಾಲದಲ್ಲಿ ವರ್ಷಕ್ಕೆ ಆಡುತ್ತಿದ್ದ ಏಕದಿನಗಳೇ ಕಡಿಮೆ. ಅವರು ಹತ್ತು ವರ್ಷ ಆಡಿದರೂ ನೂರು ಮುಟ್ಟಲಿಲ್ಲ. ಆದ್ದರಿಂದ ಪಂದ್ಯ ಎಣಿಸಬೇಡಿ, ವರ್ಷ ಎಣಿಸಿ. ಏಳು ವರ್ಷ ಅಂತಾರಾಷ್ಟ್ರೀಯ ಏಕದಿನದಲ್ಲಿ ಇದ್ದರೆ ಸಾಕು ಅನ್ನೋದು ಈಗಿನ ನನ್ನ ಗೆರೆ.

ನಾಲ್ಕನೇ ಹೆಜ್ಜೆ: ಅಂಕಿಯನ್ನು ಅದರ ಕಾಲದಲ್ಲೇ ಓದಿ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು.

1975ರ ಮೊದಲ ವಿಶ್ವಕಪ್‌ನ ಮೊದಲ ದಿನ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರಿಗೆ 334 ಹೊಡೆಯಿತು. ಭಾರತ 60 ಓವರ್ ಪೂರ್ತಿ ಆಡಿ 3 ವಿಕೆಟಿಗೆ 132. ಗಾವಸ್ಕರ್ 174 ಎಸೆತ ಆಡಿ ಔಟಾಗದೆ 36. ಅಷ್ಟು ದೊಡ್ಡ ಬ್ಯಾಟರ್! ಈ ಆಟವನ್ನು ಹೇಗೆ ಆಡಬೇಕು ಅನ್ನೋದು ಆಗಿನ್ನೂ ಯಾರಿಗೂ ಗಟ್ಟಿಯಾಗಿ ಗೊತ್ತಿರಲಿಲ್ಲ. ಅಲ್ಲಿಂದ 2022ಕ್ಕೆ ಬನ್ನಿ. ನೆದರ್ಲೆಂಡ್ಸ್ ವಿರುದ್ಧ ಅದೇ ಇಂಗ್ಲೆಂಡ್ 50 ಓವರಿನಲ್ಲಿ 498. ಈ ಎರಡು ಕಾಲದ ಸ್ಟ್ರೈಕ್‌ರೇಟ್, ಅಂದರೆ ನೂರು ಎಸೆತಕ್ಕೆ ಹೊಡೆದ ರನ್, ಅಕ್ಕಪಕ್ಕ ಇಟ್ಟರೆ ಏನು ಗೊತ್ತಾಗುತ್ತದೆ? ಏನೂ ಇಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ಒಂದು ಸುಲಭ ದಾರಿ ಇದೆ. ಅದೇ ಪಂದ್ಯದಲ್ಲಿ ಉಳಿದವರು ಏನು ಮಾಡಿದರು ಅಂತ ನೋಡಿ.

1984ರ ಮೇ 31, ಓಲ್ಡ್ ಟ್ರಾಫರ್ಡ್, ಇಂಗ್ಲೆಂಡ್ ವಿರುದ್ಧ ವೆಸ್ಟ್ ಇಂಡೀಸ್. ಸ್ಕೋರ್‌ಕಾರ್ಡ್ ಮುಂದಿಟ್ಟುಕೊಳ್ಳಿ. 102ಕ್ಕೆ 7 ವಿಕೆಟ್. 166ಕ್ಕೆ 9. ಕೊನೆಯವರಾಗಿ ಮೈಕಲ್ ಹೋಲ್ಡಿಂಗ್ ಬರುತ್ತಾರೆ. ಆಮೇಲೆ ವಿವಿಯನ್ ರಿಚರ್ಡ್ಸ್ ಮತ್ತು ಹೋಲ್ಡಿಂಗ್ ಮುರಿಯದ ಜೊತೆಯಾಟದಲ್ಲಿ 106 ಸೇರಿಸುತ್ತಾರೆ. ಅದರಲ್ಲಿ ಹೋಲ್ಡಿಂಗ್ ಪಾಲು 12. 55 ಓವರ್ ಮುಗಿದಾಗ ತಂಡ 272, ರಿಚರ್ಡ್ಸ್ 170 ಎಸೆತಕ್ಕೆ ಔಟಾಗದೆ 189. ಅವರ ನಂತರದ ದೊಡ್ಡ ಸ್ಕೋರ್ ಎಲ್ಡೀನ್ ಬ್ಯಾಪ್ಟಿಸ್ಟ್ ಅವರ 26. ಈಗ ಭಾಗಾಕಾರ ಮಾಡಿ: 272ರಲ್ಲಿ 189 ಅಂದರೆ ಹತ್ತಿರ ಹತ್ತಿರ 70 ಪರ್ಸೆಂಟ್. ನೂರು ರನ್ನಿನಲ್ಲಿ ಎಪ್ಪತ್ತು ಒಬ್ಬರೇ ಹೊಡೆದಂತೆ. ಎದುರಾಳಿ ಇಂಗ್ಲೆಂಡ್ ಇಡೀ ತಂಡ ಸೇರಿ 168ಕ್ಕೆ ಆಲೌಟ್, ಅಂದರೆ ರಿಚರ್ಡ್ಸ್ ಒಬ್ಬರು ಹೊಡೆದಷ್ಟೂ ಇಲ್ಲ. ಹೆಲ್ಮೆಟ್ ಇಲ್ಲ, ಕೆಂಪು ಚೆಂಡು, ಈಗಿನಂಥ ದಪ್ಪ ಬ್ಯಾಟೂ ಅಲ್ಲ.

ರಿಚರ್ಡ್ಸ್ ಅವರ ಒಟ್ಟು ಲೆಕ್ಕ 187 ಪಂದ್ಯ, ಸರಾಸರಿ 47, ಸ್ಟ್ರೈಕ್‌ರೇಟ್ 90. ಈಗಿನ ಹುಡುಗರಿಗೆ 90 ಅಂದರೆ ಸಾಧಾರಣ. ಅವತ್ತು 60 ಓವರಿನ ಪಂದ್ಯದಲ್ಲಿ 183 ಹೊಡೆದು ವಿಶ್ವಕಪ್ ಫೈನಲ್ ಗೆದ್ದ ಕಾಲ. 1983ರಲ್ಲಿ ಗೆದ್ದವರು ನಾವೇ ಅಲ್ವಾ! ಆ ಕಾಲದ 90 ಈಗಿನ ಎಷ್ಟಕ್ಕೆ ಸಮ ಅಂತ ನೀವೇ ಅಂದಾಜು ಮಾಡಿ.

ಬೌಲರ್‌ಗಳಿಗೂ ಇದೇ ಲೆಕ್ಕ, ಆದರೆ ತಿರುವುಮುರುವು. ಗಾರ್ನರ್ ಅವರ 3.09 ನೋಡಿ ಸುಮ್ನೆ ಬೆರಗಾಗಬೇಡಿ. ಆಗ ಎಲ್ಲರ ಎಕಾನಮಿಯೂ, ಅಂದರೆ ಓವರಿಗೆ ಕೊಡುವ ರನ್, ಕಡಿಮೆಯೇ ಇತ್ತು. ಹಾಗಾಗಿ ಅವರ ಎಕಾನಮಿಗಿಂತ ಅವರು ವಿಕೆಟ್ ಕಿತ್ತ ಸಮಯ ನೋಡಿ. 1979ರ ಫೈನಲ್‌ನಲ್ಲಿ ಇಂಗ್ಲೆಂಡ್ 183ಕ್ಕೆ 2 ಇತ್ತು, 194ಕ್ಕೆ ಆಲೌಟ್ ಆಯಿತು. ಆರಡಿ ಎಂಟಿಂಚಿನ ಎತ್ತರದಿಂದ ಕಾಲ ಬುಡಕ್ಕೆ ಬೀಳುವ ಯಾರ್ಕರ್, 38ಕ್ಕೆ 5 ವಿಕೆಟ್. ಇಂಥ ಬೌಲರ್ ಯಾವ ಕಾಲದಲ್ಲೂ ಕೊನೆಯ ಹತ್ತು ಓವರಿಗೆ ಬೇಕಾದವರು.

ಇನ್ನೊಂದು ವಿಷಯ. ಕೆಳಗಿನ ಕ್ರಮಾಂಕದವರ ಸರಾಸರಿ ಓದುವಾಗ ಎಷ್ಟು ಸಲ ಔಟಾಗದೆ ಉಳಿದರು ಅಂತಲೂ ನೋಡಿ. ಮೈಕಲ್ ಬೆವನ್ ಸರಾಸರಿ 53.58. ಆದರೆ 196 ಇನಿಂಗ್ಸ್‌ನಲ್ಲಿ 67 ಸಲ ಔಟಾಗಿಲ್ಲ. ಧೋನಿ ಸರಾಸರಿ 50.57, 297 ಇನಿಂಗ್ಸ್‌ನಲ್ಲಿ 84 ಸಲ ಔಟಾಗಿಲ್ಲ. ಒಂದು ಇನಿಂಗ್ಸ್‌ಗೆ ಎಷ್ಟು ರನ್ ಅಂತ ಲೆಕ್ಕ ಹಾಕಿದರೆ ಬೆವನ್ 35, ಧೋನಿ 36. ಇದು ಅವರ ದೊಡ್ಡತನವನ್ನು ಕಡಿಮೆ ಮಾಡುವುದಿಲ್ಲ. ಔಟಾಗದೆ ಉಳಿದು ಗೆಲ್ಲಿಸುವುದೇ ಅವರ ಕೆಲಸ. ಆದರೆ ಇವರ ಸರಾಸರಿಯನ್ನು ಆರಂಭಿಕರ ಸರಾಸರಿಯ ಪಕ್ಕ ಇಟ್ಟು ತೂಗಬೇಡಿ.

ಐದನೇ ಹೆಜ್ಜೆ: ವಿಡಿಯೊ ಇಲ್ಲದ್ದನ್ನೂ ನೋಡಿ, ಒಂದೇ ದಿನವನ್ನು ನಂಬಬೇಡಿ

ನಾವೆಲ್ಲ ಕಣ್ಣಾರೆ ಕಂಡ ಆಟಗಾರರ ಕಡೆಗೇ ವಾಲುತ್ತೇವೆ. ಮೊಬೈಲಿನಲ್ಲಿ ಮತ್ತೆ ಮತ್ತೆ ಬರುವ ಸಿಕ್ಸರ್‌ಗಳೇ ನೆನಪಿಗೆ ಬರುತ್ತವೆ. ಆದರೆ 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175ರ ವಿಡಿಯೊ ಎಲ್ಲೂ ಇಲ್ಲ. ಭಾರತ 9ಕ್ಕೆ 4 ಆಗಿದ್ದಾಗ ಶುರುವಾಗಿ, 17ಕ್ಕೆ 5 ಕಂಡ ಆಟ ಅದು. ಒಂಬತ್ತನೇ ವಿಕೆಟಿಗೆ ನಮ್ಮ ಸೈಯದ್ ಕಿರ್ಮಾನಿ ಜೊತೆ ಮುರಿಯದ 126. ಕಿರ್ಮಾನಿ ಔಟಾಗದೆ 24. ಆ ಇಪ್ಪತ್ನಾಲ್ಕರ ಬೆಲೆ ಸ್ಕೋರ್‌ಕಾರ್ಡ್ ಓದಿದರೆ ಮಾತ್ರ ಗೊತ್ತಾಗುತ್ತದೆ. ಅವರು ಒಂದು ತುದಿ ಹಿಡಿದು ನಿಂತಿದ್ದಕ್ಕೇ ಕಪಿಲ್ ಇನ್ನೊಂದು ತುದಿಯಲ್ಲಿ ಬೀಸಿದ್ದು.

ಏಕದಿನದ ಮೊದಲ ದ್ವಿಶತಕ ಯಾರದು ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ 2010ರ ಗ್ವಾಲಿಯರ್, ಸಚಿನ್ ಅನ್ನುತ್ತಾರೆ. ಅದಕ್ಕೂ ಮುಂಚೆ 1997ರಲ್ಲಿ ಮುಂಬೈಯಲ್ಲೇ ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ ಡೆನ್ಮಾರ್ಕ್ ವಿರುದ್ಧ ಔಟಾಗದೆ 229 ಹೊಡೆದಿದ್ದರು. ಮಹಿಳಾ ತಂಡಕ್ಕೆ ಬೇರೆ ಹಾಳೆ ತೆಗೆದುಕೊಳ್ಳಿ, ಹೆಜ್ಜೆಗಳು ಇವೇ. ನನ್ನ ಆ ಹಾಳೆಯಲ್ಲಿ ಮೊದಲು ಬೀಳುವ ಎರಡು ಹೆಸರು ಕ್ಲಾರ್ಕ್ ಮತ್ತು 255 ವಿಕೆಟ್‌ನ ಝೂಲನ್ ಗೋಸ್ವಾಮಿ.

ಇನ್ನು ಒಂದೇ ದಿನದ ಮಾತು. 1996ರ ಮಾರ್ಚ್ 9, ಬೆಂಗಳೂರು, ಪಾಕಿಸ್ತಾನದ ವಿರುದ್ಧ ಕ್ವಾರ್ಟರ್‌ಫೈನಲ್. ಅಜಯ್ ಜಡೇಜ 25 ಎಸೆತಕ್ಕೆ 45. ವಕಾರ್ ಯೂನಿಸ್ ಅವರ ಕೊನೆಯ ಎರಡು ಓವರಿನಲ್ಲಿ 40 ರನ್. ನಮ್ಮೂರಿನಲ್ಲಿ ವಕಾರ್ ಅಂದರೆ ಇವತ್ತಿಗೂ ಆ ಸಂಜೆಯೇ ನೆನಪು. ಆದರೆ ಆ ಮನುಷ್ಯನ ಹೆಸರಿನಲ್ಲಿ 416 ಏಕದಿನ ವಿಕೆಟ್ ಇವೆ, 13 ಸಲ ಐದು ವಿಕೆಟ್ ಗೊಂಚಲು. ಒಂದು ಸಂಜೆಗಾಗಿ ಅವರನ್ನು ಹೊಡೆದುಹಾಕಿದರೆ ನಷ್ಟ ನಿಮ್ಮ ತಂಡಕ್ಕೆ. ಒಂದೇ ದಿನ ಮಿಂಚಿದವರನ್ನು ಒಳಗೆ ತಂದರೂ ಅಷ್ಟೇ ನಷ್ಟ.

ದೊಡ್ಡ ಪಂದ್ಯಕ್ಕೆ ಬೆಲೆ ಕೊಡಿ, ಆದರೆ ಅದು ಮತ್ತೆ ಮತ್ತೆ ಬಂದಿರಬೇಕು. ಗಿಲ್‌ಕ್ರಿಸ್ಟ್ ಆಡಿದ್ದು ಮೂರು ವಿಶ್ವಕಪ್ ಫೈನಲ್. ಹೊಡೆದಿದ್ದು 54, 57, 149. ಇದನ್ನು ಅದೃಷ್ಟ ಅನ್ನಲಾಗುವುದಿಲ್ಲ.

ಆರನೇ ಹೆಜ್ಜೆ: ಈಗ ಹೆಸರು ಬರೆಯಿರಿ

ಚರ್ಚೆಯೇ ಬೇಡದ ಜಾಗಗಳನ್ನು ಮೊದಲು ತುಂಬಿ. ಒಂದನೇ ಜಾಗ ಸಚಿನ್. 463 ಪಂದ್ಯ, 18426 ರನ್, 49 ಶತಕ, ಮೇಲೆ 154 ವಿಕೆಟ್. 1994ರಲ್ಲಿ ಆಕ್ಲೆಂಡ್‌ನಲ್ಲಿ ಮೊದಲ ಸಲ ಇನಿಂಗ್ಸ್ ಆರಂಭಿಸಿ 49 ಎಸೆತಕ್ಕೆ 82 ಹೊಡೆದ ದಿನದಿಂದ ಆ ಜಾಗ ಅವರದೇ. ಮೂರನೇ ಜಾಗ ಕೊಹ್ಲಿ. ಪಾಂಟಿಂಗ್ 2003ರ ಫೈನಲ್‌ನಲ್ಲಿ ಹೊಡೆದ 140 ನನಗೆ ಇನ್ನೂ ನೋವು ಕೊಡುತ್ತದೆ. ಆದರೂ ಗುರಿ ಬೆನ್ನಟ್ಟುವಾಗ ಕೊಹ್ಲಿಯಷ್ಟು ನೆಮ್ಮದಿ ಯಾರೂ ಕೊಟ್ಟಿಲ್ಲ. ಐವತ್ತು ಶತಕ ದಾಟಿದವರೂ ಅವರೊಬ್ಬರೇ. ನಾಲ್ಕು ರಿಚರ್ಡ್ಸ್. ಐದು ಡಿವಿಲಿಯರ್ಸ್: ಸರಾಸರಿ 53.50, ಸ್ಟ್ರೈಕ್‌ರೇಟ್ 101. ನೂರರ ಮೇಲಿನ ಸ್ಟ್ರೈಕ್‌ರೇಟನ್ನೂ ಐವತ್ತರ ಮೇಲಿನ ಸರಾಸರಿಯನ್ನೂ ಇಷ್ಟು ವರ್ಷ ಒಟ್ಟಿಗೆ ಕಾಪಾಡಿಕೊಳ್ಳುವುದು ಸುಲಭವಲ್ಲ.

ನಿಜವಾದ ಜಗಳ ಎರಡನೇ ಜಾಗ ಮತ್ತು ಆರನೇ ಜಾಗದಲ್ಲಿ. ಇವೆರಡನ್ನೂ ಬೇರೆ ಬೇರೆ ತೀರ್ಮಾನಿಸಬೇಡಿ, ಎರಡಕ್ಕೂ ಕೊಂಡಿ ಕೀಪರ್. ಗಿಲ್‌ಕ್ರಿಸ್ಟ್ ಆರಂಭಿಸಿ ಕೀಪಿಂಗ್ ಮಾಡಿದರೆ ಆರನೇ ಜಾಗ ಖಾಲಿಯಾಗುತ್ತದೆ. ಅಲ್ಲಿ ಬೆವನ್ ಅಥವಾ ಕ್ಲೂಸ್ನರ್ ಬರಬಹುದು. ಧೋನಿ ಆರರಲ್ಲಿ ಕೀಪರ್ ಆದರೆ ಎರಡನೇ ಜಾಗ ಖಾಲಿ. ಅಲ್ಲಿ ರೋಹಿತ್ ಶರ್ಮಾ ಅಥವಾ ಜಯಸೂರ್ಯ. ಗಿಲ್‌ಕ್ರಿಸ್ಟ್ ಮತ್ತು ಧೋನಿ ಇಬ್ಬರನ್ನೂ ಹಾಕಿದರೆ ಒಬ್ಬರ ಗ್ಲೌಸ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಅಂದರೆ ಅವರ ಅರ್ಧ ಕೆಲಸ ವ್ಯರ್ಥ. ಹಾಳೆಯ ಮೇಲೆ ಎರಡು ಜೋಡಿಗಳನ್ನೂ ಬರೆದು ಅಕ್ಕಪಕ್ಕ ಇಟ್ಟು ನೋಡಿ.

ನನ್ನ ತೀರ್ಮಾನ: ಜಯಸೂರ್ಯ ಮತ್ತು ಧೋನಿ. ರೋಹಿತ್ ಮೂರು ದ್ವಿಶತಕ ಹೊಡೆದವರು. ಅದರಲ್ಲಿ ಮೊದಲನೆಯದು, 2013ರ 209, ನಮ್ಮ ಚಿನ್ನಸ್ವಾಮಿಯಲ್ಲೇ. ಜಯಸೂರ್ಯ ಸರಾಸರಿ 32 ಮಾತ್ರ. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಅವರು ಎಡಗೈ, ಬ್ಯಾಟಿಂಗ್‌ನಲ್ಲಿ ಮೊದಲ ಹತ್ತು ಓವರಿನಲ್ಲೇ ಪಂದ್ಯ ತಿರುಗಿಸಬಲ್ಲರು, ಮೇಲೆ 323 ವಿಕೆಟ್. ಆರಂಭಿಕ ಬ್ಯಾಟರ್ ಮತ್ತು ಪೂರ್ಣ ಪ್ರಮಾಣದ ಎಡಗೈ ಸ್ಪಿನ್ನರ್ ಒಬ್ಬರಲ್ಲೇ ಸಿಗುತ್ತಾರೆ. 2000ದ ಅಕ್ಟೋಬರ್‌ನಲ್ಲಿ ಶಾರ್ಜಾ ಫೈನಲ್‌ನಲ್ಲಿ ಅವರು ನಮ್ಮ ವಿರುದ್ಧ ಹೊಡೆದ 189 ನೋಡಿದವರು ಮರೆತಿಲ್ಲ. ಭಾರತ ಅವತ್ತು 54ಕ್ಕೆ ಆಲೌಟ್. ಧೋನಿ ಹೆಸರಲ್ಲಿ 123 ಸ್ಟಂಪಿಂಗ್ ಇವೆ. ಶ್ರೀಲಂಕಾದ ಸ್ಪಿನ್ನರ್ ಮುರಳೀಧರನ್ ಬೌಲಿಂಗ್‌ಗೆ ವಿಕೆಟ್ ಹಿಂದೆ ಧೋನಿ ಕೂತಿರುವುದನ್ನು ಕಲ್ಪಿಸಿಕೊಳ್ಳಿ! ಗಿಲ್‌ಕ್ರಿಸ್ಟ್ ಹೆಸರು ರಬ್ಬರಿನಲ್ಲಿ ಅಳಿಸುವಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆದರೆ ನಾಯಕ, ಕೀಪರ್, ಪಂದ್ಯ ಮುಗಿಸುವವರು, ಎಡಗೈ ಆರಂಭಿಕ, ಆರನೇ ಬೌಲರ್ ಎಂಬ ಐದು ಕೆಲಸ ಇಬ್ಬರೇ ಮಾಡುತ್ತಾರೆ.

ನಾಯಕನ ಬಗ್ಗೆ ಒಂದೇ ಮಾತು. ಹನ್ನೊಂದು ಆದ ಮೇಲೆ ಅವರಲ್ಲೇ ಆರಿಸಿ. ನಾಯಕತ್ವಕ್ಕೆ ಅಂತಲೇ ಯಾರನ್ನೂ ಒಳಗೆ ತರಬೇಡಿ.

ಏಳನೇ ಜಾಗಕ್ಕೆ ಕಪಿಲ್, ಇಮ್ರಾನ್, ಪೊಲಾಕ್, ಕ್ಲೂಸ್ನರ್. ನಾಲ್ಕೂ ಚಿನ್ನ. ಪೊಲಾಕ್ 393 ವಿಕೆಟ್, ಎಕಾನಮಿ 3.67. ಬೌಲಿಂಗ್ ಒಂದನ್ನೇ ನೋಡಿದರೆ ಅವರೇ ಮುಂದು. ಆದರೆ ಕಪಿಲ್ ಸ್ಟ್ರೈಕ್‌ರೇಟ್ 95. 1978ರಿಂದ 1994ರವರೆಗಿನ ಕಾಲದಲ್ಲಿ! ನಾಲ್ಕನೇ ಹೆಜ್ಜೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲೆ 253 ವಿಕೆಟ್. ಅದೂ ಭಾರತದ ಪಿಚ್‌ಗಳಲ್ಲಿ ವೇಗದ ಬೌಲಿಂಗ್ ಮಾಡಿ.

ಎಂಟು ವಾಸಿಂ ಅಕ್ರಂ. 502 ವಿಕೆಟ್, ಎಡಗೈ, ಹೊಸ ಚೆಂಡಿಗೂ ಸೈ ಹಳೆ ಚೆಂಡಿಗೂ ಸೈ. 1992ರ ಫೈನಲ್‌ನಲ್ಲಿ ಅಲನ್ ಲ್ಯಾಂಬ್, ಕ್ರಿಸ್ ಲೂಯಿಸ್ ಇಬ್ಬರನ್ನೂ ಸತತ ಎರಡು ಎಸೆತಗಳಲ್ಲಿ ಬೌಲ್ಡ್ ಮಾಡಿದ್ದು, ಅದಕ್ಕೂ ಮುಂಚೆ ಬ್ಯಾಟಿನಲ್ಲಿ 18 ಎಸೆತಕ್ಕೆ 33. ಉಳಿದ ಮೂವರು ಮುರಳೀಧರನ್, ಗಾರ್ನರ್, ಮೆಕ್‌ಗ್ರಾ. 534 ವಿಕೆಟ್ ತೆಗೆದೂ ಓವರಿಗೆ ನಾಲ್ಕು ರನ್ ಕೊಡದ ಸ್ಪಿನ್ನರ್ ಮುರಳಿ. ಮೆಕ್‌ಗ್ರಾ ವಿಶ್ವಕಪ್‌ಗಳಲ್ಲೇ 71 ವಿಕೆಟ್ ತೆಗೆದವರು.

ಏಳನೇ ಹೆಜ್ಜೆ: 50 ಓವರ್ ಬರೆದು ನೋಡಿ

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ಹಾಳೆ ತಿರುಗಿಸಿ, 1ರಿಂದ 50ರವರೆಗೆ ಬರೆದು ಪ್ರತಿ ಓವರ್ ಪಕ್ಕ ಒಂದು ಹೆಸರು ಹಾಕಿ. ಒಬ್ಬರೇ ಸತತ ಎರಡು ಓವರ್ ಹಾಕುವಂತಿಲ್ಲ ಅನ್ನೋದು ನೆನಪಿರಲಿ. ನನ್ನದು ಹೀಗೆ ಬರುತ್ತದೆ.

ಮೊದಲ ಹತ್ತರಲ್ಲಿ ವಾಸಿಂ 4, ಮೆಕ್‌ಗ್ರಾ 5, ಕಪಿಲ್ 1. ನಡುವಿನ ಮೂವತ್ತರಲ್ಲಿ ಮುರಳಿ 8, ಕಪಿಲ್ 7, ಜಯಸೂರ್ಯ 6, ಗಾರ್ನರ್ 5, ಮೆಕ್‌ಗ್ರಾ 3, ವಾಸಿಂ 1. ಕೊನೆಯ ಹತ್ತು ಓವರ್ ವಾಸಿಂ ಮತ್ತು ಗಾರ್ನರ್, ಐದೈದು. ಒಟ್ಟು ಐವತ್ತು. 25ನೇ ಓವರ್ ಮುರಳಿ. ಕಪಿಲ್, ಮೆಕ್‌ಗ್ರಾ, ಮುರಳಿ ತಲಾ ಎಂಟೇ ಹಾಕಿದ್ದಾರೆ. ಯಾರಿಗಾದರೂ ಪೆಟ್ಟು ಬಿದ್ದರೆ ಇವರಿಂದ ಇನ್ನೂ ಆರು ಓವರ್ ಸಿಗುತ್ತದೆ. ಸಾಲದಿದ್ದರೆ ಸಚಿನ್, ರಿಚರ್ಡ್ಸ್ ಇದ್ದಾರೆ. ರಿಚರ್ಡ್ಸ್ ಕೂಡ 118 ವಿಕೆಟ್ ತೆಗೆದವರು. ಕೊಲಂಬೊದಲ್ಲಿ ಆಡಿದರೆ ಜಯಸೂರ್ಯಗೆ ಪೂರ್ತಿ ಹತ್ತು ಕೊಟ್ಟು ಗಾರ್ನರ್ ಅವರ ಮಧ್ಯದ ಓವರ್ ಕಡಿಮೆ ಮಾಡುತ್ತೇನೆ. ತಂಡ ಬದಲಾಯಿಸಬೇಕಿಲ್ಲ.

ಈ ಪಟ್ಟಿ ಬರೆಯಲು ಹತ್ತು ನಿಮಿಷ ಸಾಕು. ಅಷ್ಟರಲ್ಲೇ ತಂಡದ ತೂತುಗಳೆಲ್ಲ ಕಾಣುತ್ತವೆ. 43ನೇ ಓವರಿಗೆ ಬಂದಾಗ ನಿಮ್ಮ ಪೆನ್ಸಿಲ್ ನಿಂತರೆ, ಯಾವುದೋ ಬ್ಯಾಟರ್ ಜಾಸ್ತಿಯಾಗಿದ್ದಾರೆ ಅಂತ ಅರ್ಥ.

ಫೀಲ್ಡಿಂಗ್ ಜಾಗಗಳನ್ನೂ ಜೊತೆಗೇ ಗುರುತು ಮಾಡಿ. ಪಾಯಿಂಟ್‌ನಲ್ಲಿ ಡಿವಿಲಿಯರ್ಸ್, ಕವರ್ಸ್‌ನಲ್ಲಿ ಕೊಹ್ಲಿ, ಗಲ್ಲಿಯಲ್ಲಿ ಗಾರ್ನರ್. 1975ರ ಫೈನಲ್‌ನಲ್ಲಿ ಮೂರು ರನ್‌ಔಟ್ ಮಾಡಿದ ರಿಚರ್ಡ್ಸ್ ಮಿಡ್‌ವಿಕೆಟ್‌ನಲ್ಲಿ ನಿಂತರೆ ಎರಡನೇ ರನ್ನಿಗೆ ಯಾರು ಓಡುತ್ತಾರೆ?

ಎಂಟನೇ ಹೆಜ್ಜೆ: ಮೂರು ಕಷ್ಟದ ಪರೀಕ್ಷೆ

ಲಾರ್ಡ್ಸ್, ಮೋಡ, 40ಕ್ಕೆ 4 ವಿಕೆಟ್. ಆಗ ಡಿವಿಲಿಯರ್ಸ್, ಧೋನಿ, ಕಪಿಲ್ ಇದ್ದಾರೆ. 17ಕ್ಕೆ 5 ಕಂಡವರು ಕಪಿಲ್. ಪಾಸ್. ಚಿನ್ನಸ್ವಾಮಿಯಲ್ಲಿ ರಾತ್ರಿ 360 ಬೆನ್ನಟ್ಟಬೇಕು. ಮೊದಲ ಐದೂ ಮಂದಿ ಅದಕ್ಕೇ ಹುಟ್ಟಿದವರು. ಪಾಸ್. ಮೂರನೆಯದು, ಇಬ್ಬನಿ ಬಿದ್ದ ರಾತ್ರಿ ಒದ್ದೆ ಚೆಂಡು ಹಿಡಿದು 230 ರನ್ ಕಾಯಬೇಕು. ಇಲ್ಲಿ ನನ್ನ ತಂಡಕ್ಕೆ ಕಷ್ಟ ಇದೆ. ಚೆಂಡು ಒದ್ದೆಯಾದರೆ ಮುರಳಿ, ಜಯಸೂರ್ಯ ಇಬ್ಬರ ಹಿಡಿತವೂ ಜಾರುತ್ತದೆ. ಗಾರ್ನರ್ ಯಾರ್ಕರ್ ಮೇಲೆಯೇ ಭರವಸೆ ಇಡಬೇಕು. ಒಂದು ಪರೀಕ್ಷೆಯಲ್ಲಿ ಪರದಾಡಿದರೆ ಪರವಾಗಿಲ್ಲ. ಎರಡರಲ್ಲಿ ಪರದಾಡಿದರೆ ಆರನೇ ಹೆಜ್ಜೆಗೆ ವಾಪಸ್ ಹೋಗಿ.

ಆಮೇಲೆ ನಾಲ್ಕು ಮೀಸಲು ಆಟಗಾರರು. ನನ್ನವರು ಗಿಲ್‌ಕ್ರಿಸ್ಟ್, ರೋಹಿತ್, ವಾರ್ನ್, ವಕಾರ್.

ಅಭ್ಯಾಸಕ್ಕೆ: ಕರ್ನಾಟಕದ ಹನ್ನೊಂದು

ಪ್ರಪಂಚದ ತಂಡಕ್ಕೆ ಕೈ ಹಾಕುವ ಮುಂಚೆ ಕರ್ನಾಟಕದ ಸಾರ್ವಕಾಲಿಕ ಏಕದಿನ ತಂಡ ಮಾಡಿ ನೋಡಿ. ಚೆನ್ನಾಗಿ ಕೈ ಪಳಗುತ್ತದೆ. ಬೌಲಿಂಗ್ ತುಂಬಿ ತುಳುಕುತ್ತದೆ. 315 ವಿಕೆಟ್‌ನ ಶ್ರೀನಾಥ್, 337 ವಿಕೆಟ್‌ನ ಕುಂಬ್ಳೆ, ವೆಂಕಟೇಶ್ ಪ್ರಸಾದ್, 1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ 18 ವಿಕೆಟ್ ತೆಗೆದ ರೋಜರ್ ಬಿನ್ನಿ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರಿಗೆ 6 ರನ್ ಕೊಟ್ಟು 5 ವಿಕೆಟ್ ಕಿತ್ತ ಸುನಿಲ್ ಜೋಶಿ. ಕಷ್ಟ ಬರುವುದು ಕೀಪರ್ ಜಾಗದಲ್ಲಿ. ಕಿರ್ಮಾನಿ ಇದ್ದಾರೆ, ಕೆ.ಎಲ್. ರಾಹುಲ್ ಇದ್ದಾರೆ, 1999ರ ವಿಶ್ವಕಪ್‌ನಲ್ಲಿ 461 ರನ್ ಹೊಡೆದ, ಆಮೇಲೆ ತಂಡಕ್ಕಾಗಿ ಗ್ಲೌಸ್ ಹಾಕಿಕೊಂಡ ದ್ರಾವಿಡ್ ಇದ್ದಾರೆ. ಯಾರಿಗೆ ಗ್ಲೌಸ್ ಕೊಡುತ್ತೀರೋ ಅದರ ಮೇಲೆ ಉಳಿದ ಇಡೀ ತಂಡ ಬದಲಾಗುತ್ತದೆ.

ಪ್ರಪಂಚದ ಹನ್ನೊಂದರಲ್ಲಿ ನನಗೆ ಕನ್ನಡಿಗರೊಬ್ಬರನ್ನೂ ಹಾಕಲು ಆಗಲಿಲ್ಲ. 1993ರ ಹೀರೊ ಕಪ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12ಕ್ಕೆ 6 ಕಿತ್ತ ಕುಂಬ್ಳೆಯನ್ನು ಮೀಸಲು ಪಟ್ಟಿಗೆ ಎರಡು ಸಲ ಬರೆದು ಎರಡು ಸಲ ಅಳಿಸಿದ್ದೇನೆ. 1999ರ ಸೆಮಿಫೈನಲ್, ಫೈನಲ್ ಎರಡರಲ್ಲೂ ಪಂದ್ಯಶ್ರೇಷ್ಠರಾದ ವಾರ್ನ್ ಅಲ್ಲಿ ಅಡ್ಡ ನಿಲ್ಲುತ್ತಾರೆ.

ಸ್ನೇಹಿತರ ಜೊತೆ ಕೂತು ಮಾಡುವುದಾದರೆ ಪ್ರತಿಯೊಬ್ಬರೂ ಮೊದಲ ಎರಡು ಹೆಜ್ಜೆ ಒಟ್ಟಿಗೆ ಮಾಡಿ, ಆಮೇಲೆ ಹಾಳೆ ಮುಚ್ಚಿಟ್ಟುಕೊಂಡು ಬರೆಯಿರಿ. ನಿಯಮ ಒಂದೇ ಆಗಿದ್ದರೆ ವಾದಕ್ಕೂ ಒಂದು ನೆಲೆ ಇರುತ್ತದೆ. ಬರೆದ ಹಾಳೆಗೆ ತಾರೀಖು ಹಾಕಿ ಇಟ್ಟುಕೊಳ್ಳಿ. ನನ್ನ ಹಾಳೆಯಲ್ಲಿ ಮೆಕ್‌ಗ್ರಾ ಪಕ್ಕ ತೆಳುವಾಗಿ ಬುಮ್ರಾ ಅಂತ ಬರೆದಿದೆ. 2027ರ ವಿಶ್ವಕಪ್ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾದಲ್ಲಿ. ಅದು ಮುಗಿದ ಮೇಲೆ ಆ ಹಾಳೆ ತೆಗೆದುಕೊಂಡು ಚಿಕ್ಕಪ್ಪನ ಮನೆಗೆ ಹೋಗುತ್ತೇನೆ.